ಹಳದಿ ನಕ್ಷೆಯ ಮೇಲೆ ನೀಲಿ ಹಾಳೆ: ನಗರ ಯೋಜನೆಯಲ್ಲಿ ಹವಾಮಾನ ಎಲ್ಲಿ ಕೂರಬೇಕು?

ಪ್ರಶ್ನೆ: ನಾನು ಮಧ್ಯಮ ಗಾತ್ರದ ಒಂದು ನಗರದ ಯೋಜನಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮುಂದೆ ಮೂರು ದಾಖಲೆಗಳಿವೆ. ಊರಿನಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಇಪ್ಪತ್ತು ವರ್ಷದ ಮಾಸ್ಟರ್ ಪ್ಲಾನ್ ಒಂದು, ಹವಾಮಾನ ಕ್ರಿಯಾ ಯೋಜನೆ ಇನ್ನೊಂದು, ಸುಸ್ಥಿರ ಅಭಿವೃದ್ಧಿ ಗುರಿಗಳ ವರದಿ ಮತ್ತೊಂದು. ಮೂರನ್ನೂ ಬೇರೆ ಬೇರೆಯವರು ಬರೆದಿದ್ದಾರೆ. ಈಗ ‘ಇವನ್ನು ಒಂದುಗೂಡಿಸಿ’ ಎಂದು ಮೇಲಿನಿಂದ ಸೂಚನೆ ಬಂದಿದೆ. ಒಂದುಗೂಡಿಸುವುದು ಎಂದರೆ ನಿಜಕ್ಕೂ ಏನು? ಎಲ್ಲಿಂದ ಶುರು ಮಾಡಲಿ?

ಉತ್ತರ:

ಏನು ಮಾಡಬಾರದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮೂರನ್ನೂ ಸೇರಿಸಿ ನಾಲ್ಕನೆಯ ದಾಖಲೆ ಬರೆಯಬೇಡಿ. ಸೂಚನೆ ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಒಂದು ಸಮಿತಿ, ನಾಲ್ಕು ಸಭೆ, ಚಂದದ ಮುಖಪುಟ. ಆಮೇಲೆ ಅದೂ ಬೀರುವಿಗೆ ಹೋಗುತ್ತದೆ.

ದಾಖಲೆಗಳು ಬೇರೆ ಬೇರೆ ಆಗಿದ್ದರಲ್ಲಿ ನಿಮ್ಮ ಕಚೇರಿಯ ತಪ್ಪಿಲ್ಲ. ಹುಟ್ಟಿದ್ದೇ ಹಾಗೆ. ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿದ್ದು 2015ರ ಸೆಪ್ಟೆಂಬರ್‌ನಲ್ಲಿ. ಪ್ಯಾರಿಸ್ ಹವಾಮಾನ ಒಪ್ಪಂದ ಆದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಗುರಿಗಳ ಪಟ್ಟಿಯಲ್ಲಿ ನಗರಗಳದ್ದು 11ನೆಯದು, ಹವಾಮಾನದ್ದು 13ನೆಯದು. ನಡುವೆ ಎರಡೇ ಅಂಕಿ. ಆದರೆ ಸರ್ಕಾರಗಳಲ್ಲಿ ಒಂದೊಂದು ಒಂದೊಂದು ಇಲಾಖೆಗೆ ಹೋಯಿತು. ಒಂದಕ್ಕೆ ಒಂದು ನಮೂನೆಯ ವರದಿ, ಇನ್ನೊಂದಕ್ಕೆ ಇನ್ನೊಂದು. ಮಾಸ್ಟರ್ ಪ್ಲಾನ್ ಇವೆರಡಕ್ಕಿಂತ ಎಷ್ಟೋ ಹಳೆಯದು. ಅದಕ್ಕೆ ಅದರದೇ ಕಾಯ್ದೆ ಇದೆ, ಅದರದೇ ಬಣ್ಣಗಳಿವೆ. ಈ ಮೂರರಲ್ಲಿ ಕಾನೂನಿನ ಬಲ ಸಾಮಾನ್ಯವಾಗಿ ಇರುವುದು ಅದೊಂದಕ್ಕೇ. ಹಾಗಾಗಿ ಉಳಿದ ಎರಡರಲ್ಲಿ ಹುರುಳಿರುವುದೆಲ್ಲ ಮಾಸ್ಟರ್ ಪ್ಲಾನಿನ ಒಳಗೆ ಇಳಿಯಬೇಕು. ಮುನ್ನುಡಿಗಲ್ಲ, ನಿಯಮಗಳಿಗೆ. ರಸ್ತೆಯ ಅಗಲಕ್ಕೆ, ವಲಯದ ಗೆರೆಗೆ, ಪಾರ್ಕಿಂಗ್ ಪಟ್ಟಿಗೆ, ಬಜೆಟ್ಟಿನ ಸಾಲಿಗೆ. ನನ್ನ ಉತ್ತರ ಇಷ್ಟೇ. ಉಳಿದದ್ದು ಅದು ಹೇಗೆ ಅನ್ನುವುದು.

ಹಲವು ವರ್ಷಗಳ ಹಿಂದೆ ಒಂದು ನಗರದ ಕರಡು ಯೋಜನೆ ಪರಿಶೀಲಿಸಲು ನನ್ನನ್ನು ಕರೆದಿದ್ದರು. ಊರಿನ ಹೆಸರು ಬೇಡ. ಭೂಬಳಕೆ ನಕ್ಷೆ ಮೇಜಿನ ಮೇಲಿತ್ತು. ವಸತಿ ವಲಯಕ್ಕೆ ಹಳದಿ ಬಣ್ಣ, ನಿಮಗೆ ಗೊತ್ತಲ್ಲ. ಪಕ್ಕದ ಕೋಣೆಯಲ್ಲಿ ಪರಿಸರ ವಿಭಾಗದವರ ನೆರೆ ನಕ್ಷೆ ಇತ್ತು, ನೀಲಿ ಬಣ್ಣದಲ್ಲಿ, ಪಾರದರ್ಶಕ ಹಾಳೆಯ ಮೇಲೆ. ಅದನ್ನು ತರಿಸಿ ಹಳದಿ ನಕ್ಷೆಯ ಮೇಲಿಟ್ಟೆ. ಊರಿನ ದಕ್ಷಿಣದ ಅಂಚಿನಲ್ಲಿ ದೊಡ್ಡದೊಂದು ಹಸಿರು ತೇಪೆ ಕಾಣಿಸಿತು. ‘ಅಲ್ಲಿ ಉದ್ಯಾನ ಇದೆಯಾ?’ ಎಂದು ಯಾರೋ ಕೇಳಿದರು. ಉದ್ಯಾನ ಇರಲಿಲ್ಲ. ಹಳದಿಯ ಮೇಲೆ ನೀಲಿ ಕೂತರೆ ಹಸಿರು ಕಾಣುತ್ತದೆ, ಅಷ್ಟೆ. ನೀರು ನಿಲ್ಲುವ ಜಾಗ ಅಂತ ಒಂದು ಕೋಣೆಯಲ್ಲಿ ಗುರುತಿಸಿದ್ದ ತಗ್ಗಿನಲ್ಲೇ ಇನ್ನೊಂದು ಕೋಣೆಯವರು ಹೊಸ ಬಡಾವಣೆ ಬರೆದಿದ್ದರು. ಎರಡೂ ನಕ್ಷೆಗಳು ಒಂದೇ ಕಟ್ಟಡದಲ್ಲಿ, ಒಂದು ಗೋಡೆಯ ಆಚೀಚೆ ತಯಾರಾಗಿದ್ದವು.

ನಿಮ್ಮ ಮೊದಲ ವಾರದ ಕೆಲಸ ಇದೇ ಆಗಲಿ. ಈಗ ಕಂಪ್ಯೂಟರಿನಲ್ಲಿ ಒಂದು ಗಂಟೆಯ ಕೆಲಸ. ನೆರೆಯ ನಕ್ಷೆ, ಬೇಸಿಗೆ ಮಧ್ಯಾಹ್ನದ ನೆಲದ ಬಿಸಿಯ ಉಪಗ್ರಹ ಚಿತ್ರ, ಬಸ್ ನಿಲ್ದಾಣಗಳು, ಬಡವರ ಕೇರಿಗಳು. ಈ ನಾಲ್ಕನ್ನೂ ಭೂಬಳಕೆ ನಕ್ಷೆಯ ಮೇಲೆ ಒಂದೊಂದಾಗಿ ಇಡಿ. ಡಿಕ್ಕಿ ಎಲ್ಲೆಲ್ಲಿ ಅಂತ ಗುರುತು ಹಾಕಿ. ಸಲಹೆಗಾರರನ್ನು ಕರೆಯುವುದು ಆಮೇಲೆ ಇದ್ದೇ ಇದೆ.

ಇಷ್ಟು ಅವಸರ ಯಾಕೆ ಅಂತ ನಿಮ್ಮ ಮೇಲಿನವರು ಕೇಳಬಹುದು. ಕಾರಣ ಸರಳ. ಕಾರು ಹತ್ತು ಹದಿನೈದು ವರ್ಷ ಬಾಳುತ್ತದೆ. ಕಟ್ಟಡ ಐವತ್ತು, ನೂರು ವರ್ಷ. ರಸ್ತೆಯ ಜಾಡು ಮಾತ್ರ ಶತಮಾನಗಳೇ ಕಳೆದರೂ ಅಲ್ಲೇ ಇರುತ್ತದೆ. ಊರು ಸುಟ್ಟುಹೋಗಿ ಮತ್ತೆ ಕಟ್ಟಿದಾಗಲೂ ಹಳೆಯ ಬೀದಿಗಳ ಮೇಲೇ ಕಟ್ಟಿದ ಉದಾಹರಣೆಗಳಿವೆ. ಇವತ್ತು ಕೆಲಸದ ಜಾಗದಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಒಂದು ಬಡಾವಣೆಗೆ ಮಂಜೂರಾತಿ ಕೊಟ್ಟರೆ, ಅಲ್ಲಿ ಮುಂದೆ ಹುಟ್ಟುವ ಮಕ್ಕಳ ಮಕ್ಕಳೂ ಆ ಇಪ್ಪತ್ತು ಕಿಲೋಮೀಟರ್ ಓಡಾಡಬೇಕು. ಜಗತ್ತಿನ ಜನರಲ್ಲಿ ಶೇ 55ರಷ್ಟು ಮಂದಿ ನಗರಗಳಲ್ಲಿದ್ದಾರೆ, 2050ಕ್ಕೆ ಅದು ಶೇ 68 ಆಗಬಹುದು ಎಂದು ವಿಶ್ವಸಂಸ್ಥೆ 2018ರಲ್ಲಿ ಅಂದಾಜು ಮಾಡಿತ್ತು. ಅಂದರೆ ಆ ಹೊಸಬರು ಇರಬೇಕಾದ ಬೀದಿಗಳು ಈಗ ನಿಮ್ಮಂಥವರ ಮೇಜಿನ ಮೇಲೆ ಗೆರೆಗಳಾಗಿವೆ.

ಈಗ ಒಂದೇ ಒಂದು ಗೆರೆಯನ್ನು ಹತ್ತಿರದಿಂದ ನೋಡೋಣ. 18 ಮೀಟರ್ ಅಗಲದ ಒಂದು ರಸ್ತೆ. ಅದರ ಅಡ್ಡಸೀಳು ನಕ್ಷೆ, ಅಂದರೆ ರಸ್ತೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಚಿತ್ರ.

ಸಾಮಾನ್ಯವಾಗಿ ಫೈಲಿನಲ್ಲಿ ಬರುವುದು ಹೀಗೆ: ನಡುವೆ 15 ಮೀಟರ್ ಡಾಂಬರು, ಎರಡೂ ಬದಿಗೆ ಒಂದೂವರೆ ಮೀಟರ್ ಕಾಂಕ್ರೀಟ್ ಚರಂಡಿ, ಚರಂಡಿಯ ಮೇಲೆ ಚಪ್ಪಡಿ, ಆ ಚಪ್ಪಡಿಗೇ ಫುಟ್‌ಪಾತ್ ಅಂತ ಹೆಸರು. ಮರ ಇಲ್ಲ. ಇದ್ದರೂ ‘ತೆರವುಗೊಳಿಸಬೇಕಾದ ಅಡೆತಡೆ’ ಅಂತ ಪಟ್ಟಿಯಲ್ಲಿ ಇರುತ್ತದೆ.

ಅದೇ 18 ಮೀಟರನ್ನು ಬೇರೆ ಥರ ಹಂಚಿ. ತಲಾ ಮೂರೂವರೆ ಮೀಟರಿನ ಎರಡು ಲೇನ್. ಬಸ್ಸು ಆರಾಮವಾಗಿ ಹೋಗುತ್ತದೆ. ಅದರಾಚೆ ಎರಡೂ ಕಡೆ ಎರಡೆರಡು ಮೀಟರ್ ಮರದ ಪಟ್ಟಿ. ಅದರಾಚೆ ಮೂರೂವರೆ ಮೀಟರ್ ಫುಟ್‌ಪಾತ್. ಏಳು, ನಾಲ್ಕು, ಏಳು. ಒಟ್ಟು ಹದಿನೆಂಟೇ.

ಈಗ ಮಳೆ ಸುರಿಸಿ. ಗಂಟೆಗೆ 60 ಮಿಲಿಮೀಟರ್ ಮಳೆ, ಒಂದು ಕಿಲೋಮೀಟರ್ ರಸ್ತೆ. ರಸ್ತೆಯ ಮೇಲೆ ಬೀಳುವ ನೀರು 1,080 ಘನ ಮೀಟರ್, ಅಂದರೆ ಹತ್ತು ಲಕ್ಷ ಎಂಬತ್ತು ಸಾವಿರ ಲೀಟರ್. ಮೊದಲ ನಕ್ಷೆಯಲ್ಲಿ ಹೆಚ್ಚುಕಡಿಮೆ ಅಷ್ಟೂ ಒಂದೇ ಗಂಟೆಯಲ್ಲಿ ಚರಂಡಿಗೆ ಬರುತ್ತದೆ. ಎರಡನೆಯದರಲ್ಲಿ ಮರದ ಪಟ್ಟಿಯನ್ನು ರಸ್ತೆಗಿಂತ 20 ಸೆಂಟಿಮೀಟರ್ ತಗ್ಗಿನಲ್ಲಿ ಮಾಡಿ, ಅಂಚುಗಲ್ಲಿನಲ್ಲಿ ಅಲ್ಲಲ್ಲಿ ಸಂದು ಬಿಡಿ. ಗೇಟು, ಕ್ರಾಸಿಂಗ್, ಕಂಬ, ಮರದ ಬುಡ ಅಂತ ಅರ್ಧ ಜಾಗ ಹೋಯಿತು ಅನ್ನಿ. ಆದರೂ ಆ ಪಟ್ಟಿ 400 ಘನ ಮೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೂರನೇ ಒಂದು ಪಾಲಿಗಿಂತ ಜಾಸ್ತಿ. ಅದು ನಿಧಾನವಾಗಿ ಮಣ್ಣಿಗೆ ಇಂಗುತ್ತದೆ, ಮರಕ್ಕೆ ಆಗುತ್ತದೆ. ಮರ ಬೆಳೆದರೆ ನೆರಳು. ಬಿರುಬಿಸಿಲಿನಲ್ಲಿ ಬರಿಯ ಡಾಂಬರಿನ ಮೇಲ್ಮೈ 60 ಡಿಗ್ರಿ ದಾಟುವುದುಂಟು. ಅಲ್ಲಿ ಯಾರೂ ಸುಮ್ನೆ ನಡೆಯಲು ಹೊರಡುವುದಿಲ್ಲ. ನೆರಳಿದ್ದರೆ ಬಸ್ ನಿಲ್ದಾಣದವರೆಗೆ ನಡೆಯುತ್ತಾರೆ. ನಡೆದರೆ ಒಂದು ಗಾಡಿ ಕಮ್ಮಿ.

ಎಷ್ಟು ಕೆಲಸ ಆಯಿತು ನೋಡಿ. ನೆರೆ ತಗ್ಗಿತು, ಬಿಸಿ ತಗ್ಗಿತು, ಹೊಗೆ ತಗ್ಗಿತು. ಗಾಲಿಕುರ್ಚಿಯವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ದಾರಿ ಸಿಕ್ಕಿತು. ಹವಾಮಾನ ಕ್ರಿಯಾ ಯೋಜನೆಯಲ್ಲಿ ಇವು ನಾಲ್ಕು ಬೇರೆ ಅಧ್ಯಾಯಗಳು. ರಸ್ತೆಯಲ್ಲಿ ಒಂದೇ ಅಡ್ಡಸೀಳು. ಒಂದುಗೂಡಿಸುವುದು ಅಂದರೆ ನನ್ನ ಮಟ್ಟಿಗೆ ಇದು.

ಒಂದು ಎಚ್ಚರಿಕೆ. ಇದು ಎಲ್ಲ ಮಣ್ಣಿನಲ್ಲೂ ಇದೇ ಲೆಕ್ಕದಲ್ಲಿ ನಡೆಯುವುದಿಲ್ಲ. ಜೇಡಿಮಣ್ಣಿದ್ದರೆ ನೀರು ಇಂಗದು, ಕೆಳಗೆ ಜಲ್ಲಿ ಹಾಸಿ ಪೈಪ್ ಕೊಡಬೇಕು. ಬೆಟ್ಟದ ಇಳಿಜಾರಿನಲ್ಲಿ ಪಟ್ಟಿಗೆ ಅಡ್ಡ ತಡೆಗಳು ಬೇಕು. ಎಂಜಿನಿಯರನ್ನು ಮೊದಲ ದಿನವೇ ಕೂರಿಸಿಕೊಳ್ಳಿ. ಕೊನೆಗೆ ಸಹಿಗೆ ಮಾತ್ರ ಕಳಿಸಬೇಡಿ.

ಹೊಸ ಬಡಾವಣೆಗೂ ಇದೇ ಲೆಕ್ಕ. ಒಂದು ಹೆಕ್ಟೇರ್ ಹೊಲದ ಮೇಲೆ ಗಂಟೆಗೆ 60 ಮಿಲಿಮೀಟರ್ ಮಳೆ ಬಿತ್ತು ಅನ್ನಿ. ಅಂಕಿಯಲ್ಲೇ ನೋಡಿ. ಶೇ 30ರಷ್ಟು ಹರಿದರೆ ಸೆಕೆಂಡಿಗೆ 50 ಲೀಟರ್. ಅದೇ ಹೆಕ್ಟೇರನ್ನು ಚಾವಣಿ, ಕಾಂಕ್ರೀಟಿನಿಂದ ಮುಚ್ಚಿ ಶೇ 90 ಹರಿಯುವಂತೆ ಮಾಡಿದರೆ 150 ಲೀಟರ್. ಕೆಳಗಿನ ಮೋರಿ ಮಾತ್ರ ಹಳೆಯದೇ. ಆದ್ದರಿಂದ ನಿಯಮದಲ್ಲಿ ಒಂದು ವಾಕ್ಯ ಬರಲಿ: ಕಟ್ಟಿದ ಮೇಲೆ ಸೈಟಿನಿಂದ ಸೆಕೆಂಡಿಗೆ ಹೊರಗೆ ಹೋಗುವ ನೀರಿನ ಪ್ರಮಾಣ ಕಟ್ಟುವ ಮೊದಲು ಇದ್ದದ್ದಕ್ಕಿಂತ ಜಾಸ್ತಿ ಆಗಬಾರದು. ಹೇಗೆ ಮಾಡಿಕೊಳ್ಳುತ್ತಾರೋ ಅದು ಕಟ್ಟುವವರ ಪಾಡು. ಕೊಳ ತೋಡಲಿ, ತೊಟ್ಟಿ ಕಟ್ಟಲಿ, ಅಂಗಳಕ್ಕೆ ಸಿಮೆಂಟ್ ಹಾಕದೆ ಬಿಡಲಿ.

ಇದನ್ನು ಇಡೀ ಊರಿನ ಮಟ್ಟದಲ್ಲಿ ಮಾಡಿದ ಉದಾಹರಣೆ ಬೇಕೆಂದರೆ ಡೆನ್ಮಾರ್ಕಿನ ಕೋಪನ್‌ಹೇಗನ್ ನೋಡಿ. 2011ರ ಜುಲೈ 2ರಂದು ಅಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಸುರಿಯಿತು. ನೆಲಮಾಳಿಗೆಗಳು ತುಂಬಿದವು, ರಸ್ತೆಗಳು ಮುಳುಗಿದವು. ಮರುವರ್ಷವೇ ನಗರಸಭೆ ‘ಮೇಘಸ್ಫೋಟ ಯೋಜನೆ’ಯನ್ನು ಒಪ್ಪಿತು. ಇಪ್ಪತ್ತು ವರ್ಷ, ಸುಮಾರು 300 ಸಣ್ಣ ದೊಡ್ಡ ಕಾಮಗಾರಿಗಳು. ಅದರಲ್ಲಿ ನನಗೆ ಬಲು ಇಷ್ಟವಾದದ್ದು ಅವರ ಗುರಿಯ ವಾಕ್ಯ. ‘ನೆರೆಮುಕ್ತ ನಗರ’ ಅಂತ ಅವರು ಬರೆಯಲಿಲ್ಲ. ನೂರು ವರ್ಷಕ್ಕೊಮ್ಮೆ ಬರುವಂಥ ಮಳೆ ಬಂದರೂ ರಸ್ತೆಯ ಮೇಲೆ ನಿಲ್ಲುವ ನೀರು 10 ಸೆಂಟಿಮೀಟರ್ ಮೀರಬಾರದು ಅಂತ ಬರೆದರು. ಅಳೆಯಬಹುದಾದ ಮಾತು. ಸ್ಕೇಲು ಹಿಡಿದು ಹೋಗಿ ನೋಡಬಹುದು. ಎಲ್ಲವನ್ನೂ ನೆಲದಡಿಯ ಪೈಪಿನಲ್ಲೇ ಸಾಗಿಸುವುದಕ್ಕಿಂತ ರಸ್ತೆ, ಉದ್ಯಾನಗಳಲ್ಲಿ ನೀರನ್ನು ಹಿಡಿದಿಡುವುದು ಅಗ್ಗ ಅಂತಲೂ ಲೆಕ್ಕ ಹಾಕಿ ತೋರಿಸಿದರು. ಎಂಗೇವ್ ಅನ್ನುವ ಹಳೆಯ ಉದ್ಯಾನವನ್ನು ಮತ್ತೆ ಕಟ್ಟಿ 2019ರಲ್ಲಿ ತೆರೆದಿದ್ದಾರೆ. ಆಟದ ಅಂಗಳ, ಹೂದೋಟ ಎಲ್ಲ ಹಾಗೇ ಇವೆ. ಜೋರು ಮಳೆ ಬಂದರೆ ಅದೇ ಉದ್ಯಾನ 22,600 ಘನ ಮೀಟರ್ ನೀರು ಹಿಡಿಯುವ ತೊಟ್ಟಿಯಾಗುತ್ತದೆ. ವರ್ಷದ ಬಹುಪಾಲು ದಿನ ಅದು ಉದ್ಯಾನವೇ. ಉದ್ಯಾನಕ್ಕೆ ಒಂದು ಬಜೆಟ್, ನೆರೆಗೆ ಇನ್ನೊಂದು ಬಜೆಟ್ ಅಂತ ಇಟ್ಟುಕೊಂಡಿದ್ದರೆ ಅದು ಆಗುತ್ತಲೇ ಇರಲಿಲ್ಲ.

ನೀರಿನ ಮಾತು ಉದ್ದವಾಯಿತು. ಹೊಗೆಯ ವಿಷಯಕ್ಕೆ ಬರೋಣ.

ನಗರ ಎಷ್ಟು ಇಂಗಾಲ ಬಿಡುತ್ತದೆ ಅನ್ನುವುದು ಬಹುಮಟ್ಟಿಗೆ ಮನೆ ಎಲ್ಲಿದೆ, ಕೆಲಸ ಎಲ್ಲಿದೆ ಅನ್ನುವುದರಲ್ಲೇ ತೀರ್ಮಾನವಾಗಿರುತ್ತದೆ. ಮನೆ, ಕೆಲಸ, ಅಂಗಡಿ, ಸಾರಿಗೆ ಹತ್ತಿರ ಹತ್ತಿರ ಇರುವಂತೆ ನಗರ ಬೆಳೆಸಿದರೆ, ಈಗಿನ ದಾರಿಯಲ್ಲೇ ಹೋಗುವುದಕ್ಕೆ ಹೋಲಿಸಿದರೆ 2050ರ ಹೊತ್ತಿಗೆ ನಗರಗಳ ಹೊರಸೂಸುವಿಕೆ ಶೇ 23ರಿಂದ 26ರಷ್ಟು ತಗ್ಗಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ ತನ್ನ ಆರನೆಯ ವರದಿಯಲ್ಲಿ ಹೇಳಿದೆ. ಹೊಸ ಯಂತ್ರ ಬೇಡ, ಹೊಸ ಇಂಧನ ಬೇಡ. ವಲಯದ ಗೆರೆಗಳನ್ನು ಸರಿಯಾಗಿ ಎಳೆದರೆ ಇಷ್ಟು.

ಬ್ರೆಜಿಲ್‌ನ ಕುರಿಟಿಬಾ ಇದನ್ನು ಹವಾಮಾನ ಅನ್ನುವ ಪದ ಯೋಜನಾ ಕಚೇರಿಗೆ ಬರುವ ಮೊದಲೇ ಮಾಡಿತ್ತು. 1974ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಲೇನ್ ಬಿಟ್ಟರು. ಅದು ಎಲ್ಲರಿಗೂ ಗೊತ್ತಿರುವ ಕಥೆ. ಜಾಸ್ತಿ ಜನ ಗಮನಿಸದ ಭಾಗ ಇನ್ನೊಂದಿದೆ: ಎತ್ತರದ ಕಟ್ಟಡಗಳಿಗೆ ಆ ಬಸ್ ಮಾರ್ಗಗಳ ಉದ್ದಕ್ಕೆ ಅನುಮತಿ ಕೊಟ್ಟರು, ಅಲ್ಲಿಂದ ದೂರ ಹೋದಂತೆ ಎತ್ತರ ಇಳಿಸುತ್ತ ಹೋದರು. ಬಸ್ಸಿನ ನಕ್ಷೆ, ಭೂಬಳಕೆಯ ನಕ್ಷೆ ಎರಡೂ ಒಂದೇ ಆದವು. ಆದರೂ ಕುರಿಟಿಬಾದಲ್ಲಿ ಕಾರುಗಳು ಹೆಚ್ಚಿದವು. ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಕಾರುಗಳಿರುವ ನಗರಗಳಲ್ಲಿ ಅದೂ ಒಂದು. ಒಳ್ಳೆಯ ಯೋಜನೆಯನ್ನು ಒಂದು ಸಲ ಮಾಡಿ ಬಿಟ್ಟರೆ ಆಗುವುದಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಕೋಪನ್‌ಹೇಗನ್ ಸುತ್ತಲಿನ ಪ್ರದೇಶದಲ್ಲಿ 1947ರ ‘ಬೆರಳು ಯೋಜನೆ’ ಇವತ್ತಿಗೂ ಚಾಲ್ತಿಯಲ್ಲಿದೆ. ರೈಲು ಮಾರ್ಗಗಳು ಬೆರಳುಗಳು, ನಡುವಿನ ಸಂದುಗಳಲ್ಲಿ ಹಸಿರು. ದೊಡ್ಡ ಕಚೇರಿ ಕಟ್ಟಬೇಕಾದರೆ ನಿಲ್ದಾಣದಿಂದ 600 ಮೀಟರ್ ಒಳಗೆ ಎಂಬ ನಿಯಮವನ್ನು ಆಮೇಲೆ ಅದಕ್ಕೆ ಸೇರಿಸಿದರು. ಅದಕ್ಕೆ ಬಲ ಬಂದದ್ದು ಆ 600 ಅನ್ನುವ ಅಂಕಿಯಿಂದ. ‘ಸಾರಿಗೆಗೆ ಹತ್ತಿರ’ ಅಂತ ಬರೆದಿದ್ದರೆ ಪ್ರತಿ ಅರ್ಜಿದಾರರೂ ಹತ್ತಿರವೇ ಇರುತ್ತಿದ್ದರು.

ಪಾರ್ಕಿಂಗ್ ಬಗ್ಗೆ ಒಂದು ಮಾತು. ನಿಮ್ಮ ಕಟ್ಟಡ ನಿಯಮಾವಳಿ ತೆರೆದು ಪಾರ್ಕಿಂಗ್ ಪಟ್ಟಿ ನೋಡಿ. ಇಷ್ಟು ಚದರ ಮೀಟರಿಗೆ ಕನಿಷ್ಠ ಇಷ್ಟು ಕಾರಿನ ಜಾಗ ಅಂತ ಇರುತ್ತದೆ. ಒಂದು ಕಾರು ನಿಲ್ಲಿಸಲು, ಒಳಗೆ ಹೊರಗೆ ತಿರುಗಿಸಲು ಸೇರಿ ಸುಮಾರು 25 ಚದರ ಮೀಟರ್ ಬೇಕು. ಒಂದು ಸಣ್ಣ ಮನೆಯಷ್ಟು. ಕಾರಿಲ್ಲದವರೂ ಆ ಜಾಗದ ಖರ್ಚನ್ನು ಬಾಡಿಗೆಯಲ್ಲಿ ಕೊಡುತ್ತಾರೆ. ಮೆಕ್ಸಿಕೋ ಸಿಟಿ 2017ರಲ್ಲಿ ಆ ‘ಕನಿಷ್ಠ’ ಎಂಬ ಪದ ತೆಗೆದು ‘ಗರಿಷ್ಠ’ ಅಂತ ಮಾಡಿತು. ಒಂದು ಪದದ ತಿದ್ದುಪಡಿ. ನಿಮ್ಮಲ್ಲಿ ನಾಳೆಯೇ ಆಗದಿರಬಹುದು. ಬಸ್ಸು ಚೆನ್ನಾಗಿರುವ ರಸ್ತೆಗಳ ಅಕ್ಕಪಕ್ಕದಲ್ಲಾದರೂ ಶುರು ಮಾಡಬಹುದಲ್ವಾ?

ಈಗ ಕಷ್ಟದ ಭಾಗ. ಹವಾಮಾನವೂ ಅಭಿವೃದ್ಧಿಯೂ ಯಾವಾಗಲೂ ಕೈಕೈ ಹಿಡಿದು ನಡೆಯುತ್ತವೆ ಅನ್ನುವ ಧಾಟಿಯ ವರದಿಗಳನ್ನು ನಾನು ನಂಬುವುದಿಲ್ಲ. ಹೊರಸೂಸುವಿಕೆ ತಗ್ಗಿಸುವ ಕೆಲಸ ಒಂದು, ಬಂದಿರುವ ಬದಲಾವಣೆಗೆ ಹೊಂದಿಕೊಳ್ಳುವ ಕೆಲಸ ಇನ್ನೊಂದು. ಇವೆರಡೂ ಎಷ್ಟೋ ಕಡೆ ಜಗಳವಾಡುತ್ತವೆ. ಮನೆಗಳನ್ನು ಒತ್ತೊತ್ತಾಗಿ ಕಟ್ಟಿದರೆ ಓಡಾಟ ಕಮ್ಮಿ, ಹೊಗೆ ಕಮ್ಮಿ. ಆದರೆ ಗಾಳಿ ನಿಲ್ಲುತ್ತದೆ, ನೆಲ ಮುಚ್ಚುತ್ತದೆ, ರಾತ್ರಿಯೂ ಬಿಸಿ ಇಳಿಯುವುದಿಲ್ಲ. ಬಿಸಿಗೆ ಎಲ್ಲರೂ ಎಸಿ ಹಾಕಿದರೆ ಒಳಗೆ ತಂಪು. ಆ ಯಂತ್ರ ಹೊರಗೆ ಉಗುಳುವ ಬಿಸಿ ಪಕ್ಕದ ಓಣಿಗೆ, ಅದರ ವಿದ್ಯುತ್ತಿನ ಹೊಗೆ ಇನ್ನೆಲ್ಲೋ.

ಈ ಜಗಳ ಬಿಡಿಸಲು ನಕ್ಷೆಯೇ ಬೇಕು, ಘೋಷಣೆಯಿಂದ ಆಗದು. ಜರ್ಮನಿಯ ಸ್ಟುಟ್‌ಗಾರ್ಟ್ ಬಟ್ಟಲಿನಂಥ ಕಣಿವೆಯಲ್ಲಿದೆ. ಗಾಳಿ ತೀರಾ ಕಮ್ಮಿ. ಆ ನಗರ 1938ರಿಂದಲೇ ತನ್ನ ಆಡಳಿತದಲ್ಲಿ ಹವಾಮಾನ ತಜ್ಞರನ್ನು ಇಟ್ಟುಕೊಂಡಿದೆ. ರಾತ್ರಿ ಸುತ್ತಲಿನ ಗುಡ್ಡಗಳಿಂದ ತಂಪು ಗಾಳಿ ಯಾವ ಯಾವ ದಾರಿಯಲ್ಲಿ ಊರಿಗೆ ಇಳಿಯುತ್ತದೆ ಅಂತ ನಕ್ಷೆ ಮಾಡಿ, ಆ ದಾರಿಗಳಲ್ಲಿ ಕಟ್ಟಡ ಏಳದಂತೆ ತಡೆದಿದ್ದಾರೆ. ಎಲ್ಲ ಕಡೆ ವಿರಳವಾಗಿ ಕಟ್ಟಿ ಅನ್ನಲಿಲ್ಲ. ಇಲ್ಲಿ ಒತ್ತಾಗಿ ಕಟ್ಟಿ, ಅಲ್ಲಿ ಕಟ್ಟಲೇಬೇಡಿ ಅಂದರು. ನಿಮ್ಮ ಊರಿನಲ್ಲೂ ಗಾಳಿಗೆ, ನೀರಿಗೆ ಹೀಗೊಂದು ಹಳೆಯ ದಾರಿ ಇದ್ದೇ ಇರುತ್ತದೆ. ಅಲ್ಲಿನ ಹಿರಿಯರನ್ನು ಕೇಳಿದರೆ ಅರ್ಧ ನಕ್ಷೆ ಬಾಯಲ್ಲೇ ಸಿಗುತ್ತದೆ.

ಇನ್ನೊಂದು ಜಗಳ ಇದಕ್ಕಿಂತ ಕಹಿ. ಹಸಿರಾದ ಬೀದಿಯ ಬಾಡಿಗೆ ಏರುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಿಂದ 2005ರ ನಡುವೆ ಒಂದು ಎತ್ತರದ ಹೆದ್ದಾರಿಯನ್ನು ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚಿಯೊಂಗೆಚಿಯೊನ್ ತೊರೆಯನ್ನು ಸುಮಾರು 5.8 ಕಿಲೋಮೀಟರ್ ಉದ್ದಕ್ಕೆ ಮತ್ತೆ ತೆರೆಯಿತು. ಪಕ್ಕದ ರಸ್ತೆಗಳಿಗಿಂತ ಅಲ್ಲಿ ಬೇಸಿಗೆಯಲ್ಲಿ ಕೆಲವು ಡಿಗ್ರಿ ತಂಪು. ಜನ ಮುಗಿಬಿದ್ದು ಬಂದರು. ಹೆದ್ದಾರಿಯ ಅಡಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಬೀದಿ ವ್ಯಾಪಾರಿಗಳು ಮಾತ್ರ ಜಾಗ ಕಳೆದುಕೊಂಡರು, ಸುತ್ತಲಿನ ಜಮೀನಿನ ಬೆಲೆ ಏರಿತು. ತೊರೆ ತೆರೆದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬಾಡಿಗೆದಾರರಿಗೆ, ವ್ಯಾಪಾರಿಗಳಿಗೆ ರಕ್ಷಣೆ ಏನು ಅನ್ನುವ ಪುಟ ಅದೇ ಫೈಲಿನಲ್ಲಿ, ಅದೇ ಮಂಜೂರಾತಿಯಲ್ಲಿ ಇರಬೇಕು.

ಯಾಕೆಂದರೆ ಇದು ಕರುಣೆಯ ಮಾತಷ್ಟೇ ಅಲ್ಲ, ಲೆಕ್ಕದ ಮಾತೂ ಹೌದು. ನಡುವೂರಿನಿಂದ ಬಡವರನ್ನು ಎಬ್ಬಿಸಿ ಊರಾಚೆ ಮನೆ ಕೊಟ್ಟರೆ, ಅವರು ಕೆಲಸಕ್ಕೆ ದಿನಾ ಎರಡು ಬಸ್ ಹತ್ತಿ ಬರಬೇಕು, ಇಲ್ಲವೇ ಸಾಲ ಮಾಡಿ ಬೈಕ್ ತೆಗೆದುಕೊಳ್ಳಬೇಕು. ಅಲ್ಲಿಗೆ ಹವಾಮಾನ ಯೋಜನೆಯ ಲೆಕ್ಕವೂ ಕೆಟ್ಟಿತು, ಸುಸ್ಥಿರ ಅಭಿವೃದ್ಧಿಯ ಲೆಕ್ಕವೂ ಕೆಟ್ಟಿತು. ಕೊಲಂಬಿಯಾದ ಮೆಡೆಲಿನ್ ನಗರ 2004ರಲ್ಲಿ ಇದಕ್ಕೆ ತಿರುವುಮುರುವು ಮಾಡಿತು. ಗುಡ್ಡದ ಮೇಲಿನ ಬಡ ಕೇರಿಗಳ ಜನರನ್ನು ಎಬ್ಬಿಸದೆ, ಅವರಿರುವಲ್ಲಿಗೇ ಕೇಬಲ್ ಕಾರ್ ಕಳಿಸಿ ಮೆಟ್ರೋಗೆ ಜೋಡಿಸಿತು.

ಬಿಸಿಗಾಳಿಯಲ್ಲೂ ಇದೇ ಪಾಠ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾಮಾನ್ಯ ಲೆಕ್ಕಕ್ಕಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ಆಮೇಲೆ ಸಂಶೋಧಕರು ಎಣಿಸಿದರು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆ ಮಾಡಿತು. ಮುನ್ಸೂಚನೆ, ಆಸ್ಪತ್ರೆಗಳ ತಯಾರಿ, ಮುಂದೆ ತಗಡಿನ ಚಾವಣಿಗಳಿಗೆ ಬಿಳಿ ಬಣ್ಣ. ಎಲ್ಲವೂ ಸರಿ. ಆದರೆ ಎಚ್ಚರಿಕೆ ಕೊಡುವುದು ಆರೋಗ್ಯ ವಿಭಾಗದ ಕೆಲಸ. ಆ ತಗಡಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು, ಮರವಿಲ್ಲದೆ, ಕಿಟಕಿಯಿಲ್ಲದೆ ಯಾಕಿವೆ ಅನ್ನುವುದಕ್ಕೆ ಉತ್ತರ ಕೊಡಬೇಕಾದವರು ನಾವು, ಯೋಜಕರು.

ಹಳೆಯ ಕಟ್ಟಡಗಳ ವಿಷಯ ಬೇಗ ಮುಗಿಸುತ್ತೇನೆ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 7ರಿಂದ 8 ಸಿಮೆಂಟ್ ತಯಾರಿಕೆಯದೇ. ಹಾಗಾಗಿ ‘ಹಸಿರು ಕಟ್ಟಡ’ ಕಟ್ಟುತ್ತೇವೆ ಅಂತ ಗಟ್ಟಿಮುಟ್ಟಾದ ಹಳೆಯದನ್ನು ಕೆಡವುವ ಅರ್ಜಿ ಬಂದರೆ ಎರಡು ಸಲ ಯೋಚಿಸಿ. ಫ್ರಾನ್ಸಿನ ಬೋರ್ಡೋದಲ್ಲಿ 530 ಮನೆಗಳಿದ್ದ ಹಳೆಯ ವಸತಿ ಕಟ್ಟಡಗಳನ್ನು ಕೆಡವಲಿಲ್ಲ. ಹೊರಗಿನಿಂದ ಗಾಜಿನ ಮೊಗಸಾಲೆ ಜೋಡಿಸಿದರು. ಮನೆಗೆ ಜಾಗ, ಬೆಳಕು ಜಾಸ್ತಿ ಆಯಿತು, ಚಳಿ ಕಾಯಿಸುವ ಖರ್ಚು ತಗ್ಗಿತು. ಕೆಲಸ ನಡೆಯುವಾಗ ಜನ ಅಲ್ಲೇ ವಾಸವಿದ್ದರು. ಕೆಡವಲು ಅನುಮತಿ ಕೇಳುವವರು ಮೊದಲು ದುರಸ್ತಿಯ ಲೆಕ್ಕ ಕೊಡಬೇಕು ಅಂತ ನಿಯಮಕ್ಕೆ ಒಂದು ಸಾಲು ಸೇರಿಸಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಹಣದ ಪುಟ ಮುಟ್ಟದಿದ್ದರೆ ಏನೂ ಆಗುವುದಿಲ್ಲ. ಇದು ನನ್ನ ಅನುಭವದ ಮಾತು. ನಾನೇ ಕೈಹಾಕಿದ್ದ ಒಂದು ಹವಾಮಾನ ಯೋಜನೆಯಲ್ಲಿ ನಲವತ್ತಕ್ಕೂ ಹೆಚ್ಚು ಕ್ರಮಗಳನ್ನು ಬರೆದೆವು. ಬಜೆಟ್ ಬಂದಾಗ ನೋಡಿದರೆ, ಅವುಗಳಲ್ಲಿ ಹಣ ಸಿಕ್ಕಿದ್ದು ಸಸಿ ನೆಡುವುದಕ್ಕೆ ಮಾತ್ರ. ಅದೇ ಬಜೆಟ್ಟಿನಲ್ಲಿ ಮೂರು ಫ್ಲೈಓವರ್ ಇದ್ದವು. ಅವುಗಳಿಗಾಗಿ ಕಡಿಯಬೇಕಿದ್ದ ಮರಗಳ ಪಟ್ಟಿ ನಾವು ನೆಡಬೇಕಿದ್ದ ಸಸಿಗಳ ಪಟ್ಟಿಯ ಪಕ್ಕದಲ್ಲೇ ಇತ್ತು.

ನಾರ್ವೆಯ ಓಸ್ಲೋ ನಗರ ಇದಕ್ಕೊಂದು ದಾರಿ ಕಂಡುಕೊಂಡಿತು. 2017ರ ಬಜೆಟ್ಟಿನಿಂದ ಅವರು ‘ಹವಾಮಾನ ಬಜೆಟ್’ ಶುರು ಮಾಡಿದರು. ಅದು ಬೇರೆ ಪುಸ್ತಕವಲ್ಲ, ನಗರದ ಹಣಕಾಸು ಬಜೆಟ್ಟಿನದೇ ಭಾಗ. ಯಾವ ಕ್ರಮ, ಎಷ್ಟು ಟನ್ ಕಮ್ಮಿ, ಯಾವ ವಿಭಾಗದ ಹೊಣೆ ಅಂತ ಸಾಲು ಸಾಲಾಗಿ ಇರುತ್ತದೆ. ಉಸ್ತುವಾರಿ ಪರಿಸರ ವಿಭಾಗದವರದಲ್ಲ, ಹಣಕಾಸಿನವರದು. ಅದೇ ಅದರ ಗುಟ್ಟು. ಪರಿಸರ ವಿಭಾಗದವರು ಪತ್ರ ಬರೆದರೆ ಉತ್ತರ ಬರಲು ತಿಂಗಳಾಗುತ್ತದೆ. ಹಣಕಾಸಿನವರು ಫೋನ್ ಮಾಡಿದರೆ ಮಧ್ಯಾಹ್ನದೊಳಗೆ ಮಾಹಿತಿ ಬರುತ್ತದೆ, ಎಲ್ಲ ಕಡೆಯೂ ಹಾಗೇ ಅಲ್ವಾ? ನಿಮ್ಮಲ್ಲಿ ಟನ್ ಲೆಕ್ಕ ಹಾಕುವ ಶಕ್ತಿ ಈಗಲೇ ಇರಬೇಕಿಲ್ಲ. ದೊಡ್ಡ ಕಾಮಗಾರಿಗಳ ಟಿಪ್ಪಣಿಯಲ್ಲಿ ಮೂರು ಪ್ರಶ್ನೆ ಕಡ್ಡಾಯ ಮಾಡಿ. ಇದರಿಂದ ಜನರ ಓಡಾಟದ ದೂರ ಏರುತ್ತದೆಯೋ ಇಳಿಯುತ್ತದೆಯೋ? ಮಳೆನೀರು ಎಲ್ಲಿಗೆ ಹೋಗುತ್ತದೆ? ಯಾರು ಜಾಗ ಬಿಡಬೇಕಾಗುತ್ತದೆ? ಇವಕ್ಕೆ ಉತ್ತರ ಬರೆಯದ ಫೈಲು ಮುಂದಿನ ಮೇಜಿಗೆ ಹೋಗಬಾರದು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಿರಿ. ಹಾಳೆಯ ಮೇಲೆ ಹಾಳೆ ಇಡುವ ಕೆಲಸ ಈ ವಾರ. ಅದರಲ್ಲಿ ಸಿಕ್ಕ ಡಿಕ್ಕಿಗಳಲ್ಲಿ ಮೂರನ್ನು ಮಾತ್ರ ಆರಿಸಿ. ಎಲ್ಲವನ್ನೂ ಹಿಡಿದರೆ ಯಾವುದೂ ಆಗದು. ತಗ್ಗಿನಲ್ಲಿರುವ ಹಳದಿಯನ್ನು ಬದಲಿಸುವುದು ಖಂಡಿತ ಒಂದಾಗಿರಲಿ. ಅದಕ್ಕೆ ಜಮೀನಿನವರ ವಿರೋಧ ಬರುತ್ತದೆ. ಅವರಿಗೆ ಬೇರೆಡೆ ಕಟ್ಟುವ ಹಕ್ಕನ್ನು ವರ್ಗಾಯಿಸಿ ಕೊಡುವ ದಾರಿ ನಿಮ್ಮ ಕಾಯ್ದೆಯಲ್ಲಿ ಇದೆಯೇ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಆಮೇಲೆ ಈಗ ನಿಮ್ಮ ಕಚೇರಿಯಲ್ಲಿ ಮಂಜೂರಾತಿಗೆ ಕಾದಿರುವ ಯಾವುದಾದರೂ ರಸ್ತೆ ಅಗಲೀಕರಣದ ಫೈಲು ತೆಗೆಯಿರಿ. ಒಂದಾದರೂ ಇದ್ದೇ ಇರುತ್ತದೆ. ಅದರ ಅಡ್ಡಸೀಳನ್ನು ಮತ್ತೆ ಬರೆಸಿ. ಎಂಜಿನಿಯರ್, ಬಸ್ ಸಂಸ್ಥೆಯವರು, ತೋಟಗಾರಿಕೆಯವರು, ಆ ಬೀದಿಯ ಇಬ್ಬರು ವ್ಯಾಪಾರಿಗಳು, ಇಷ್ಟು ಜನ ಒಂದೇ ಮೇಜಿನ ಸುತ್ತ ಕೂರಲಿ. ನಕ್ಷೆಯ ಅಳತೆ ಒಂದಕ್ಕೆ ನೂರು ಇರಲಿ, ಅಂದರೆ ನೆಲದ ಒಂದು ಮೀಟರ್ ಹಾಳೆಯ ಮೇಲೆ ಒಂದು ಸೆಂಟಿಮೀಟರ್. ಒಂದಕ್ಕೆ ಐನೂರರ ನಕ್ಷೆಯಲ್ಲಿ ಮರದ ಬೇರಿಗೆ ಜಾಗ ಬಿಟ್ಟಿದ್ದಾರೋ ಇಲ್ಲವೋ ಕಾಣಿಸುವುದಿಲ್ಲ.